ಜಹನಾರಾಳ ಗಾಮಾ ಶಿಖರ

ಕಣ್ಣಿಗೆ ಕಾಣದ್ದನ್ನು ಹುಡುಕುವುದೇ ನಮ್ಮ ಜಹನಾರಾಳ ಉದ್ಯೋಗ. ಶಿವಾಜಿನಗರದ ಬಟ್ಟೆ ವ್ಯಾಪಾರಿ ಶಫಿಯವರ ಮಗಳು, ಸಂಶೋಧನಾ ಸಂಸ್ಥೆಯಲ್ಲಿ ನನ್ನ ಪಕ್ಕದ ಮೇಜಿನವಳು, ಮಹಾ ಹಟಮಾರಿ.

ಬ್ರಹ್ಮಾಂಡದ ದ್ರವ್ಯದಲ್ಲಿ ಬಹುಪಾಲು ಡಾರ್ಕ್ ಮ್ಯಾಟರ್. ಅದು ಬೆಳಕು ಬೀರುವುದಿಲ್ಲ. ಆದರೆ ಅದರ ಕಣಗಳು ಡಿಕ್ಕಿ ಹೊಡೆದು ನಾಶವಾದರೆ ಒಂದೇ ಶಕ್ತಿಯ ಗಾಮಾ ಕಿರಣ ಹೊಮ್ಮೀತು, ಗ್ರಾಫಿನಲ್ಲಿ ಚೂಪಾದ ಶಿಖರ ಎದ್ದೀತು ಎಂಬ ಆಸೆ. ಉಪಗ್ರಹದ ಟೆಲಿಸ್ಕೋಪು ಆಕಾಶಗಂಗೆಯ ನಡುಭಾಗದಿಂದ ಹಿಡಿದ ಕಿರಣಗಳಲ್ಲಿ ಜಹನಾರಾಳಿಗೆ ಅಂಥ ಶಿಖರ ಸಿಕ್ಕೇಬಿಟ್ಟಿತು.

ಗೈಡ್ ಧನಲಕ್ಷ್ಮಿ ಮೇಡಂ ಹಿಗ್ಗಿ ಹೀರೇಕಾಯಿಯಾದರು. ಹೊರದೇಶದ ಗುಂಪೊಂದು ಅದೇ ಶಿಖರದ ಬೆನ್ನು ಹತ್ತಿದ್ದರಿಂದ ಸೋಮವಾರವೇ ಪ್ರಬಂಧ ಕಳಿಸುವುದೆಂದಾಯಿತು. ಜಹನಾರಾಳ ಐದು ವರ್ಷದ ಪಿಎಚ್‌ಡಿ ಪೂರ್ತಿ ಅದರ ಮೇಲೆ ನಿಂತಿತ್ತು. ಅವಳ ಅಮ್ಮ ಮಜೀದಾ ಆಗಲೇ ಬೀದಿಗೆಲ್ಲ ಸಾರಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ!

ಇಂಥ ಶಿಖರ ಬೇರೆಲ್ಲಾದರೂ ಇದೆಯೇ ಎಂದು ಆಕಾಶದ ಮೂಲೆಮೂಲೆಯನ್ನೂ ಜಾಲಾಡಿದ್ದೆವು, ಭೂಮಿಯನ್ನು ಬಿಟ್ಟು. ಖಗೋಳದವರ ಚಾಳಿಯೇ ಅದು. ಭೂಮಿಯ ಕಡೆಯಿಂದ ಬಂದ ಗಾಮಾ ಕಿರಣಗಳನ್ನು ಕಸವೆಂದು ಮೊದಲೇ ಗುಡಿಸಿ ಹಾಕುತ್ತೇವೆ. ಶುಕ್ರವಾರ ಜಹನಾರಾ ಆ ಕಸ ಕೆದಕಲು ಕೂತಳು.

"ಹುಚ್ಚಾ ನಿಂಗೆ? ಅಲ್ಲೇನ್ ಸಿಗತ್ತೆ?" ಎಂದೆ.

"ಏನೂ ಸಿಗ್ಬಾರ್ದು ಶಿವಾನಿ. ಅದು ನಮ್ ವಾತಾವರಣದಿಂದ ಬರೋ ಗಾಮಾ, ಡಾರ್ಕ್ ಮ್ಯಾಟರ್‌ದಲ್ಲ. ಅಲ್ಲೂ ಶಿಖರ ಇದ್ರೆ ತಪ್ಪು ಟೆಲಿಸ್ಕೋಪಿಂದು."

ಇತ್ತು. ಅದೇ ಶಕ್ತಿಯಲ್ಲಿ, ಅಷ್ಟೇ ಚೂಪಾಗಿ. ನನಗೆ ಅಳುವೇ ಬಂತು. ಅವಳು ನೆಟ್ಟಗೆ ಮೇಡಂ ಕೋಣೆಗೆ ನಡೆದಳು, ಹಿಂದೆಯೇ ನಾನು.

ಮೇಡಂ ಎರಡೂ ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಪ್ರಬಂಧ ಹೋಯ್ತು. ನಿನ್ ಥೀಸಿಸ್ ಕತೆ ಏನಮ್ಮ ಈಗ?"

"ಇದೇ ಥೀಸಿಸ್, ಮೇಡಂ. ಶಿಖರ ಯಾಕೆ ಸುಳ್ಳು ಅಂತ ಹೊಸದಾಗಿ ಬರೀತೀನಿ."

ಜಹನಾರಾ ತನ್ನ ಮನೆಯಲ್ಲಿ ಹೇಳುವಾಗ ಜೊತೆಗಿರಲೆಂದು ಸಂಜೆ ಬೈಯಪ್ಪನಹಳ್ಳಿಯಲ್ಲಿ ನಾನೂ ಮೆಟ್ರೊ ಹತ್ತಿದೆ. ಇಂದಿರಾನಗರ ದಾಟುವಷ್ಟರಲ್ಲಿ ಅವಳು ಫೋನಿನಿಂದ ಆ ಹೊರದೇಶದ ಗುಂಪಿಗೆ ಗ್ರಾಫ್ ಕಳಿಸುತ್ತಿದ್ದಳು. ನನಗೆ ಮೈ ಉರಿಯಿತು.

"ನಿಂಗೇನ್ ತಲೆ ಕೆಟ್ಟಿದ್ಯಾ? ಅವ್ರು ಪ್ರಬಂಧ ಪ್ರಿಂಟ್ ಮಾಡ್ಸಿ ನಗೆಪಾಟಲಾಗ್ಲಿ ಬಿಡೇ."

"ಅಲ್ಲೂ ನನ್ ಥರ ಒಬ್ಳು ಇರ್ತಾಳಲ್ವಾ," ಎನ್ನುತ್ತ ಜಹನಾರಾ ಕಳಿಸುವ ಗುಂಡಿ ಒತ್ತಿದಳು. "ಅವಳ ಅಮ್ಮಿನೂ ಬೀದಿಗೆಲ್ಲ ಹೇಳೋಕ್ ಮುಂಚೆ ಗೊತ್ತಾಗ್ಲಿ."