ಮರಗಮ್ಮ ಇನ್ನೊಂದು ರೊಟ್ಟಿ ಹಾಕುವುದಿಲ್ಲ

ಮರಾಠಿ ಸೀಮೆಯ ಮಹಾನಗರದ ಅಂಚಿನ ಕೋಪರಖೈರಣೆಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಮರಗಮ್ಮನವರ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಬಾಡಿಗೆ ಮನೆಯೊಂದರಲ್ಲಿರುವ ಈ ಪುಟ್ಟ ಚಿಕಿತ್ಸಾ ಕೇಂದ್ರದಲ್ಲಿ ಊಟವೆಂದರೆ ಹೆದರುವ ಹುಡುಗಿಯರಿದ್ದಾರೆ. ಅವರಿಗೆ ಅಡುಗೆ ಮಾಡುವುದು, ಪಕ್ಕದಲ್ಲಿ ಕೂತು ತಾವೂ ಉಣ್ಣುವುದು ಮರಗಮ್ಮನವರ ಕೆಲಸ. ಕಲಬುರಗಿಯ ಸೇಡಂ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಗಂಡ ಮಾಪಣ್ಣ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇಲ್ಲಿ ಸೇರಿದರು.

ಊಟದ ಈ ಭಯವನ್ನು ಹೊಟ್ಟೆ ತುಂಬಿದವರ ಸೋಗು ಎಂದು ಆಡಿಕೊಳ್ಳುವವರಿಗೆ ಬರವಿಲ್ಲ. "ನಾನೂ ಹಂಗೇ ಅನ್ಕೊಂಡಿದ್ದೆ. ಇದ್ದೂ ಉಣ್ಣಂಗಿಲ್ಲ ಅಂದ್ರ ಸಿಟ್ಟು ಬರ್ತಿತ್ರಿ," ಎನ್ನುತ್ತಾರೆ ಮರಗಮ್ಮ.

ವಾಶಿ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿಯ ಮಗಳು ಶಿವಾನಿ ಬಂದಾಗ ಬರೀ ಎಲುಬು. ನಾಲ್ಕು ತುತ್ತಿಗೇ ಕೈ ತಣ್ಣಗಾಗಿ, ಹಣೆ ಬೆವೆತು, ಹೊಟ್ಟೆ ಬಿಗಿಯುತ್ತಿತ್ತು. ಬಹುಕಾಲ ಖಾಲಿಯಿದ್ದ ಹೊಟ್ಟೆ ಅನ್ನ ಅರಗಿಸುವುದನ್ನೇ ನಿಧಾನ ಮಾಡಿರುತ್ತದೆ, ನೋವು ನಾಟಕವಲ್ಲ, ಉಣ್ಣುತ್ತಲೇ ಸರಿಹೋಗಬೇಕು ಎಂದರು ಡಾಕ್ಟರ್.

ಕಲಬುರಗಿ ಕಡೆ, ಸಾಕು ಎಂದವರ ತಟ್ಟೆಗೂ ಇನ್ನೊಂದು ರೊಟ್ಟಿ ಹಾಕದಿದ್ದರೆ ಮನೆಯ ಮರ್ಯಾದೆಯೇ ಹೋಗುತ್ತದೆ. ಡಾಕ್ಟರ್ ಗೊತ್ತುಮಾಡಿದ ಪಾಲನ್ನು ಶಿವಾನಿ ಮೊದಲ ಬಾರಿ ಮುಗಿಸಿದಾಗ ಮರಗಮ್ಮ ಖುಷಿಗೆ ತಟ್ಟೆಗೆ ಇನ್ನರ್ಧ ರೊಟ್ಟಿ ಜಾರಿಸಿಬಿಟ್ಟರು. ಹುಡುಗಿ ತಟ್ಟೆ ಬಿಟ್ಟು ಎದ್ದುಹೋದಳು. ಮರುದಿನ ತಟ್ಟೆ ಮುಟ್ಟಲಿಲ್ಲ, ಅದರಾಚೆಯ ದಿನವೂ ಇಲ್ಲ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರ್ ಎಚ್ಚರಿಸಿದರು.

"ನನ್ನ ಪ್ರೀತಿನೇ ಆಕಿಗೆ ಮುಳುವಾತು," ಎನ್ನುವಾಗ ಮರಗಮ್ಮನವರ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ. ಅವತ್ತು ಅವರು ಶಿವಾನಿಯ ಕೋಣೆಗೆ ಹೋಗಿ, "ತಪ್ಪಾತು ತಂಗಿ. ಡಾಕ್ಟರ್ ಹೇಳಿದ್ದಕ್ಕಿಂತ ಒಂದು ತುತ್ತೂ ಹೆಚ್ಚಿಗಿ ಹಾಕಂಗಿಲ್ಲ. ನೀನೇ ನಿಂತು ನೋಡು," ಎಂದರು. ಆಮೇಲಿಂದ ಅವಳೆದುರೇ ಬಡಿಸಿ, ಉಳಿದ ರೊಟ್ಟಿಯ ಬುಟ್ಟಿಯನ್ನು ಒಳಗಿಟ್ಟು ಬರುತ್ತಾರೆ.

ಇಂದು ಶಿವಾನಿ ಅರ್ಧಕ್ಕೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಳ್ಳುತ್ತಾಳೆ. "ಮೌಸಿ, ಪೇಟ್ ಫಟ್ ಜಾಯೇಗಾ." ಚಿಕ್ಕಮ್ಮಾ, ಹೊಟ್ಟೆ ಒಡೆದೇಹೋಗುತ್ತೆ ಎನ್ನುತ್ತಿದ್ದಾಳೆ.

"ಹರಿಯಂಗಿಲ್ಲವ್ವ. ಜರಾ ತಡಿ, ನಾ ಇಲ್ಲೇ ಅದೀನಿ." ಮರಗಮ್ಮ ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ನಡೆದ ಜಗಳದ ಕಥೆ ತೆಗೆಯುತ್ತಾರೆ. ಕಥೆ ಮುಗಿಯುವಷ್ಟರಲ್ಲಿ ತಟ್ಟೆ ಖಾಲಿ. ಯಾರೂ ಭೇಷ್ ಎನ್ನುವುದಿಲ್ಲ, ಹೊಗಳಿಕೆಯೂ ಅವಳಿಗೆ ಭಾರವಂತೆ.

ನಿಮಗೇನು ಬೇಕು ಎಂದು ಕೇಳಿದರೆ ಮರಗಮ್ಮ ತವೆ ಒರೆಸುತ್ತ ಹೇಳುತ್ತಾರೆ: "ಆಕಿಗಿನ್ನೂ ಹಸಿವು ಅನ್ನೋದು ಗೊತ್ತಾಗಂಗಿಲ್ರಿ, ಗಡಿಯಾರ ನೋಡಿ ಉಣ್ತಾಳ. ಒಂದಿನ ಹೊಟ್ಟಿ ಚುರ್ ಅಂದು ಒಳಗ ಬಂದು, ಇಷ್ಟೊತ್ತು ಯಾಕ ಮಾಡ್ದಿ ಅಂತ ನನ್ನ ಬೈಬೇಕು. ಹಿಂದ್ಯಾಗರ ಬೈಲಿ, ಮರಾಠ್ಯಾಗರ ಬೈಲಿ, ಬೈಸ್ಕೋತೀನಿ."