ಅತ್ತೆಗೆ ಬಂದ ಒಂದೂವರೆ ಕಿಲೋ ಅನುಮಾನ

ನಮ್ಮ ಮನೆಯಲ್ಲೇ ಇರುವ ನನ್ನ ಸೋದರತ್ತೆ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಮಂಡಿನೋವಿಗೆ ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ ಮೇಲೆ ಅವಳು ಬಾಯಿ ಕಟ್ಟಿ, ದಿನವೂ ತೂಕ ನೋಡತೊಡಗಿದಳು. ಮೂರು ವಾರ ಇಳಿದ ಮುಳ್ಳು ಆಮೇಲೆ ಒಂದೂವರೆ ಕಿಲೋ ಮೇಲೇರಿತು.

ಮೊದಲು ತೂಕದ ಯಂತ್ರದ ಮೇಲೆ ಅನುಮಾನ ಬಂತು. ಹತ್ತು ಕಿಲೋ ಅಕ್ಕಿಚೀಲ ಇಟ್ಟು ನೋಡಿದಳು, ಹತ್ತೇ ತೋರಿಸಿತು. ಅನುಮಾನ ಅಡುಗೆಮನೆಗೆ ಹೊರಳಿತು. ಅಮ್ಮ ಒಲೆಯ ಮುಂದೆ ನಿಂತಾಗಲೆಲ್ಲ ನೀರು ಕುಡಿಯುವ ನೆಪದಲ್ಲಿ ಹೋಗಿ ಇಣುಕುತ್ತಿದ್ದಳು. ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ಅತ್ತಿಗೆ, ನಿಜ ಹೇಳಿ. ನನ್ನ ತರಕಾರಿಗೆ ಎಣ್ಣೆ ಸುರೀತಿದ್ದೀರಾ? ಹಾಗಿದ್ರೆ ನಾಳೆಯಿಂದ ನನ್ನ ಒಲೆ ಬೇರೆ."

"ಸುರಿಯೋಕೆ ಎಣ್ಣೆಯೇನು ನಲ್ಲೀಲಿ ಬರುತ್ತಾ?" ಅಮ್ಮ ತಿರುಗಿ ಅವಳ ಮುಖ ನೋಡಿದಳು. "ಮುಟ್ಟು ಯಾವಾಗ ನಿಂಗೆ?"

"ಇವತ್ತೋ ನಾಳೆಯೋ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಆ ದಿನಗಳಲ್ಲಿ ಅಳತೆ ಕೊಡೋಕೆ ಬಂದೋರನ್ನ, ಮೈ ಊದಿರುತ್ತೆ, ಮುಗಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ತೀಯಲ್ಲೇ. ನಿನ್ನ ಮೈಯೇನು ಮರದ್ದಾ?"

ಅತ್ತೆ ಅದನ್ನೂ ನಂಬದೆ ಆರೋಗ್ಯ ಕೇಂದ್ರದ ನರ್ಸ್ ಹತ್ತಿರ ಹೋಗಿ ಕೇಳಿದಳು. ಅದು ಮೈಯಲ್ಲಿ ನಿಂತ ನೀರು, ಕೊಬ್ಬಲ್ಲ ಎಂದು ನರ್ಸ್ ಹೇಳಿದಳು. ಮುಟ್ಟು ಮುಗಿದ ಮೇಲೆ, ಬೆಳಿಗ್ಗೆ ಶೌಚಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಬೇಕು. ಅದನ್ನು ಹಿಂದಿನ ತಿಂಗಳು ಮುಟ್ಟು ಮುಗಿದಾಗಿನ ತೂಕಕ್ಕೆ ಹೋಲಿಸಬೇಕು ಎಂದಳು.

ಮುಂದಿನ ವಾರ ಹಾಗೆ ನೋಡಿದಾಗ ಹೋದ ತಿಂಗಳಿಗಿಂತ ಒಂದು ಕಿಲೋ ಕಡಿಮೆ ಇತ್ತು. ಅತ್ತೆ ಬೇರೆ ಒಲೆಯ ಮಾತೆತ್ತಲಿಲ್ಲ. ಅಮ್ಮ ಬಡಿಸಿದ ತಟ್ಟೆಯನ್ನು ಸ್ವಲ್ಪ ಓರೆ ಮಾಡಿ, ಎಣ್ಣೆ ಹರಿಯುತ್ತದೆಯೇ ಎಂದು ನೋಡಿ, ಆಮೇಲೆ ತಿಂದಳು.