ಚಿಲಕ ತೆಗೆಯುವ ಸೈಲೆನ್ಸರ್

ನಮ್ಮ ಮನೆಯ ಬೀದಿ ಬಾಗಿಲನ್ನು ನಾನು ಹನ್ನೊಂದು ವರ್ಷ ತಟ್ಟಿರಲಿಲ್ಲ. ತಟ್ಟುವ ಪ್ರಸಂಗವೇ ಬಂದಿರಲಿಲ್ಲ. ಸಂಜೆ ನನ್ನ ಗಾಡಿ ಹಿಟ್ಟಿನ ಗಿರಣಿಯ ಮೂಲೆ ತಿರುಗಿ ಓಣಿಗೆ ಮೂತಿ ಹಾಕಿತೆಂದರೆ ಸಾಕು, ಅಕ್ಕ ಅಡುಗೆಮನೆಯಿಂದ ಎದ್ದು ಬಂದು ಚಿಲಕ ತೆಗೆದು ಮತ್ತೆ ಒಳಗೆ ಹೋಗಿಬಿಡುತ್ತಿದ್ದಳು. ಆಕೆಯದು ಕಟ್ಟುನಿಟ್ಟಾದ ಮಡಿ. ಮಾಧವರಂ ಕಡೆಯ ಶಾಲೆಯಲ್ಲಿ ಕನ್ನಡ ಕಲಿಸಿ, ನಲವತ್ತು ಕಿಲೋಮೀಟರಿನ ಧೂಳು ಹೊತ್ತು ಆಂಧ್ರದ ಗಡಿಯೂರು ಆದೋನಿಗೆ ಮರಳುವ ತಮ್ಮ, ಸ್ನಾನವಾಗುವವರೆಗೆ ಮೈಲಿಗೆಯ ಮೂಟೆ. ಹೀಗಾಗಿ ನಾನು ಬಾಗಿಲು ನೂಕುವ ಹೊತ್ತಿಗೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ತೆಗೆದ ಚಿಲಕ ಮಾತ್ರ ಇರುತ್ತಿತ್ತು.

ಅದನ್ನು ಸಣ್ಣ ಸಂಗತಿ ಎಂದು ತಿಳಿಯಬಾರದು. ನನ್ನ ಮದುವೆಯ ವಿಷಯ ಹಿರಿಯರ ಪರಿಶೀಲನೆಯಲ್ಲಿದ್ದಾಗಲೇ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಕಡತ ಹಾಗೇ ಉಳಿಯಿತು. ಭಾವ ಹೋದ ಮೇಲೆ ಅಕ್ಕ ನನ್ನ ಮನೆಗೆ ಬಂದಳು. ನಾನು ಬರುತ್ತಿದ್ದೇನೆ ಎಂಬುದನ್ನು ನಾನು ಬರುವ ಮೊದಲೇ ತಿಳಿಯುವ ಜೀವ ಈ ಭೂಮಂಡಲದಲ್ಲಿ ಅದೊಂದೇ. ಅದಕ್ಕೆ ಪುರಾವೆ ಆ ಚಿಲಕ.

ಗಾಡಿಯೂ ನನ್ನಂತೆ ಹಳೆಯದು. ಮುನ್ನೂರೈವತ್ತು ಸಿಸಿ, ಕೆಲಸಕ್ಕೆ ಸೇರಿದ ವರ್ಷ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಅದರ ಉದ್ದನೆಯ ಸೈಲೆನ್ಸರ್ ಒಳಗಿಂದೊಳಗೇ ತುಕ್ಕು ತಿಂದು, ಎರಡು ಸಲ ವೆಲ್ಡಿಂಗ್ ಮಾಡಿಸಿಕೊಂಡು, ಕೊನೆಗೊಂದು ದಿನ ನಂದವರಂ ದಾಟಿದ ಮೇಲೆ ನಡುರಸ್ತೆಯಲ್ಲಿ ದೇಹತ್ಯಾಗ ಮಾಡಿತು. ಅದನ್ನು ಟವಲಿನಲ್ಲಿ ಸುತ್ತಿ, ಹಿಂದಿನ ಸೀಟಿಗೆ ಕಟ್ಟಿ, ಸಲ್ಲತಕ್ಕ ಮರ್ಯಾದೆಯೊಂದಿಗೆ ನಮ್ಮ ಮೆಕ್ಯಾನಿಕ್ ಸಾಬರ ಅಂಗಡಿಗೆ ತಂದೆ.

ಸಾಬರು ಟವಲು ಬಿಚ್ಚಿ ನೋಡಿ ಮತ್ತೆ ಮುಚ್ಚಿದರು. "ಕಂಪನಿ ಮಾಲು ಈಗ ಬರಂಗಿಲ್ರಿ ಸಾರ್. ಕಂಪನಿಯವ್ರಿಗೇ ಈ ಗಾಡಿ ಮರ್ತು ಹೋಗೈತಿ."

ಬೇರೆಯವರು ಮಾಡಿದವು ಮೂರು ಇದ್ದವು, ಗೋಡೆಗೆ ತೂಗುಹಾಕಿದ್ದರು. ಒಂದು ಗಿಡ್ಡದು, ಕಾಲೇಜು ಹುಡುಗರ ಮೆಚ್ಚಿನದು. ಇನ್ನೊಂದು ತುತ್ತೂರಿಯ ಹಾಗೆ ಹಿಂದಕ್ಕೆ ಅಗಲವಾಗುತ್ತಾ ಹೋಗುವಂಥದು. ಮೂರನೆಯದು ಉದ್ದ, ದಪ್ಪ, ಇಂದೋರ್ ಕಡೆಯ ಮಾಲು. ಸಾಬರು ಒಂದೊಂದನ್ನೇ ಕಟ್ಟಿ ಎಕ್ಸಲರೇಟರ್ ತಿರುವಿದರು. ನಾನು ರಸ್ತೆ ದಾಟಿ ಸೋಡಾ ಅಂಗಡಿಯ ಪಕ್ಕ ಕಣ್ಣು ಮುಚ್ಚಿ ನಿಂತು ಕೇಳಿದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತು ಅನುಭವವಿಲ್ಲ, ಆದರೂ ಅಂಥದೇ ಗಾಂಭೀರ್ಯದಿಂದ ಮೂವರನ್ನೂ ಪರೀಕ್ಷಿಸಿದೆ. ಸೈಲೆನ್ಸರ್ ತಗೊಳ್ಳಲು ಬಂದಿರೋ, ಸಂಗೀತ ಕಚೇರಿ ಕೇಳಲು ಬಂದಿರೋ ಎಂದು ಸಾಬರು ಕೇಳಿದರು.

ನನ್ನ ತರ್ಕ ಸರಳವಾಗಿತ್ತು. ಅಕ್ಕನಿಗೆ ಕೇಳಿಸಬೇಕು, ಆದ್ದರಿಂದ ಹೆಚ್ಚು ದೂರ ಕೇಳಿಸುವುದೇ ಶ್ರೇಷ್ಠ. ಗಿಡ್ಡದನ್ನು ಹಾಕಿಸಿದೆ.

ಆ ಸಂಜೆ ಓಣಿಗೆ ಓಣಿಯೇ ನನ್ನನ್ನು ಎದುರುಗೊಂಡಿತು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಎದುರು ಮನೆಯ ಯಜಮಾನರು ಪೇಪರ್ ಮಡಚಿಕೊಂಡು ಒಳಗೆ ಹೋದರು. ತೆರೆಯದೆ ಇದ್ದದ್ದು ನಮ್ಮ ಬಾಗಿಲೊಂದೇ. ತಟ್ಟಿದೆ. ಮತ್ತೆ ತಟ್ಟಿದೆ. ಕಡೆಗೆ ಹಿತ್ತಲಿನಿಂದ ಸುತ್ತಿಬಂದು ಅಡುಗೆಮನೆಯ ಕಿಟಕಿಗೆ ನಿಂತಾಗ ಅಕ್ಕ ನನ್ನ ನೆರಳು ಕಂಡು ಬೆಚ್ಚಿದಳು. ಜೋಂಪು ಹತ್ತಿತ್ತು ಅಂದಳು. ಮರುದಿನ ಕುಕ್ಕರ್ ಕೂಗುತ್ತಿತ್ತು ಅಂದಳು. ಮೂರನೆಯ ದಿನ ಬಾಗಿಲು ತೆರೆದೇ ಇತ್ತು. ಅಕ್ಕ ಅದರ ಹಿಂದೆ ಯಾವಾಗಿನಿಂದಲೋ ನಿಂತಿದ್ದಳು, ಒಳಗೆ ಸಾರು ತಳ ಹತ್ತಿ ವಾಸನೆ ಬರುತ್ತಿತ್ತು. ಯಾಕೆ ಎಂದರೆ ಗಾಳಿಗೆ ಬಂದೆ ಅಂದಳು. ಆದೋನಿಯ ಬೇಸಿಗೆಯಲ್ಲಿ, ಬೀದಿ ಬಾಗಿಲಲ್ಲಿ, ಗಾಳಿ.

ಅದೇ ವಾರ ಸರ್ಕಲ್ಲಿನ ಕಾನ್‌ಸ್ಟೇಬಲ್ ನನ್ನ ನರೆಗೂದಲನ್ನೂ ಗಾಡಿಯ ಬಾಲವನ್ನೂ ಒಂದಕ್ಕೊಂದು ಹೋಲಿಸಿ ನೋಡಿದ. "ಏನ್ ಸಾರ್, ಈ ವಯಸ್ಸಿನ್ಯಾಗ? ಹುಡುಗ್ರವು ಕಿತ್ತು ರೋಲರ್ ಕೆಳಗ ಹಾಕಾಕತ್ತೀವಿ. ನಿಮ್ದೂ ಸೇರ್ಸೋಣೇನು?" ನಾನು ತಲೆ ತಗ್ಗಿಸಿ ಹೋಗಿ ತುತ್ತೂರಿ ಹಾಕಿಸಿಕೊಂಡೆ. ಫಲ ಅದೇ. ಒಂದು ವಾರ ನನ್ನ ಬಾಗಿಲನ್ನು ನಾನೇ ತಟ್ಟಿದೆ. ಬಾಡಿಗೆಗೆ ಮನೆ ಕೇಳಲು ಬಂದವನ ಹಾಗೆ ಅನ್ನಿಸುತ್ತಿತ್ತು.

ಸಾಬರಿಗೆ ಇದು ಅವರ ಕಸುಬಿನ ಮಾನದ ಪ್ರಶ್ನೆಯಾಯಿತು. ನೀವು ಮನೆಯಲ್ಲಿರಿ, ಗಾಡಿ ನಾನು ಓಡಿಸುತ್ತೇನೆ, ಸೌಂಡ್ ಎಲ್ಲಿ ಸಾಯುತ್ತದೋ ನೋಡಿಬಿಡೋಣ ಎಂದು ಭಾನುವಾರ ಬೆಳಗ್ಗೆ ಗಿರಣಿ ಮೂಲೆಗೆ ಹೋದರು. ನಾನು ಪಡಸಾಲೆಯಲ್ಲಿ ನಿಂತೆ. ಅಕ್ಕ ನನ್ನತ್ತ ಮುಖ ಮಾಡದೆ, ಅಡುಗೆಮನೆಯ ಹೊಸ್ತಿಲಲ್ಲಿ, ಹಳೆಯ ಮರದ ಕದಕ್ಕೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅದು ಆಕೆ ಸದಾ ಕೂರುವ ಜಾಗ.

ತುತ್ತೂರಿ ಊದಿತು. ಬೇವಿನ ಮರದ ಕಾಗೆಗಳು ಎದ್ದವು. ಅಕ್ಕ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಗಾಡಿ ಮನೆಯ ಮುಂದೆಯೇ ಬಂದು ಅಬ್ಬರಿಸಿತು. ಅಕ್ಕ ಇನ್ನೊಂದು ಕಲ್ಲು ಆರಿಸಿದಳು. ನಾನು "ಅಕ್ಕಾ" ಎಂದೆ. ಹತ್ತಿರ ಹೋಗಿ, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಮತ್ತೊಮ್ಮೆ ಎಂದೆ. ಆಕೆಯ ಬೆರಳು ಅಕ್ಕಿಯಲ್ಲಿಯೇ ಇತ್ತು.

ಎದುರಿಗೆ ಹೋಗಿ ಕೂತೆ. ನನ್ನ ಮುಖ ನೋಡಿದ್ದೇ ಆಕೆ ಮೊರ ಕೆಳಗಿಟ್ಟಳು.

ಅಕ್ಕ ಓದಿದ್ದು ತೆಲುಗು ಶಾಲೆ. ಆಡುವುದು ಕನ್ನಡವಾದರೂ ಅಕ್ಷರ ತೆಲುಗೇ. ಮೂವತ್ತು ವರ್ಷ ಕನ್ನಡ ಕಾಗುಣಿತ ತಿದ್ದಿಸಿದ ನಾನು ಜೇಬಿನ ಸೀಮೆಸುಣ್ಣ ತೆಗೆದು, ಕಡಪಾ ಕಲ್ಲಿನ ನೆಲದ ಮೇಲೆ, ತೆಲುಗು ಅಕ್ಷರಗಳಲ್ಲಿ ಕನ್ನಡದ ಪ್ರಶ್ನೆ ಬರೆದೆ: ಯಾವಾಗಿಂದ?

"ನಾಕು ವರ್ಷ ಆತು," ಅಂದಳು.

ಮತ್ತ ಚಿಲಕ? ಎಂದು ಬರೆದೆ.

ಅಕ್ಕ ಬೆನ್ನ ಹಿಂದಿನ ಕದವನ್ನು ಅಂಗೈಯಿಂದ ತಟ್ಟಿದಳು. "ಇದು ನಡಗತಿತ್ತು. ನೀ ಮೂಲಿ ತಿರುಗಿದ್ದು ಬೆನ್ನಿಗೆ ಗೊತ್ತಾಗ್ತಿತ್ತು. ನೀ ಹೊಸದು ಹಾಕಿಸ್ದಾಗಿಂದ ಕದ ಸುಮ್ಮನ ಕೂತದ."

ಇಷ್ಟು ವರ್ಷವೂ ದಿನಾ ರಾತ್ರಿ ಊಟಕ್ಕೆ ಕೂತಾಗ ನಾನು ದಿನದ ವರದಿ ಒಪ್ಪಿಸುತ್ತಿದ್ದೆ. ಹೆಡ್ಮಾಸ್ತರರ ಕೋಪ, ಸಿಗ್ನಲ್ ಸಿಗದ ಹಾಜರಿ ಆ್ಯಪ್, ಬಿಸಿಯೂಟದ ಮೊಟ್ಟೆಗಳ ವ್ಯಾಜ್ಯ. ಅಕ್ಕ ತಕ್ಕ ಜಾಗದಲ್ಲಿ ಹೂಂ ಅನ್ನುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ಕಥೆ ಹೇಳುವ ಕಲೆ ನನಗೆ ಕೈಗೂಡಿದೆ ಎಂದು ಒಳಗೊಳಗೇ ಬೀಗಿದ್ದೆ. ಅದನ್ನೂ ಬರೆದು ಕೇಳಿದೆ.

"ನೀ ತಲಿ ಎತ್ತಿದಾಗ ಹೂಂ ಅಂತಿದ್ದೆ. ನಕ್ಕಾಗ ನಗ್ತಿದ್ದೆ."

ಯಾಕ ಹೇಳಲಿಲ್ಲ ಎಂದು ಬರೆಯಲು ಜಾಗ ಉಳಿದಿರಲಿಲ್ಲ. ಆಕೆಯೇ ಒದ್ದೆ ಬಟ್ಟೆ ತಂದು ನೆಲ ಒರೆಸಿದಳು. ಸೀಮೆಸುಣ್ಣ ಹಿಡಿದ ನನ್ನ ಮುಖ ನೋಡಿ ಹೇಳಿದಳು: "ಹೇಳಿದ್ರ ನೀ ಮಾತಾಡೋದು ಬಿಡ್ತಿದ್ದಿ, ತಮ್ಮಾ. ಆಮ್ಯಾಲೆ ಊಟದ ಹೊತ್ತಿನ್ಯಾಗ ನಾ ಏನ್ ನೋಡ್ಲಿ?"

ಹೊರಗೆ ಸಾಬರು ಇಂಜಿನ್ ಆರಿಸಿ ಕಾಯುತ್ತಿದ್ದರು. ಹಳೆಯದರ ಹಾಗೆ ತಗ್ಗಿದ ದನಿಯಲ್ಲಿ ಗುಡುಗುವ ಆ ಉದ್ದನೆಯದನ್ನು ಕಟ್ಟಿಕೊಂಡು ಬನ್ನಿ ಎಂದು ಕಳಿಸಿದೆ. ಅಷ್ಟರಲ್ಲಿ ಅಕ್ಕನ ಅಪ್ಪಣೆಯಂತೆ ಸ್ನಾನ ಮಾಡಿ, ಆಕೆಯ ಜಾಗದಲ್ಲಿ, ಕದಕ್ಕೆ ಬೆನ್ನು ಕೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಕದದೊಳಗೆ ಬೆಕ್ಕೊಂದು ಮಲಗಿ ಗುರುಗುಟ್ಟಿದಂತಾಯಿತು, ಇದ್ದೂ ಇಲ್ಲದ ಹಾಗೆ. ನಾನು ಎದ್ದು ಕದದ ಕೆಳಗಿನ ಕೀಲಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಸಾಬರನ್ನು ಮತ್ತೊಮ್ಮೆ ಮೂಲೆಗೆ ಓಡಿಸಿದೆ. ಈ ಸಲ ಬೆನ್ನುಮೂಳೆಗೇ ತಿಳಿಯಿತು. ಸೌಂಡ್ ಹೇಗಿದೆ ಎಂದು ಸಾಬರು ಬಾಗಿಲಲ್ಲಿ ನಿಂತು ಕೇಳಿದಾಗ, ಸೌಂಡಿನ ಕಡೆ ಗಮನ ಕೊಡಲಿಲ್ಲ ಎಂದೆ. ಅವರು ನನ್ನನ್ನೇ ನೋಡುತ್ತಾ ನಟ್ಟು ಬಿಚ್ಚುವ ಪಾನಾ ಜೇಬಿಗಿಟ್ಟುಕೊಂಡರು.

ಮುಂದೆ ಕಿವಿ ಡಾಕ್ಟರಿಗೂ ತೋರಿಸಿದ್ದಾಯಿತು. ಅವರು ಕೊಟ್ಟ ಮಷೀನು ಪಂಚಾಂಗದ ಪಕ್ಕ ಡಬ್ಬಿಯಲ್ಲಿದೆ. ಅದನ್ನು ಹಾಕಿಕೊಂಡರೆ ಕುಕ್ಕರ್ ತಲೆಯೊಳಗೇ ಕೂಗುತ್ತದಂತೆ. ನೆಂಟರು ಬಂದಾಗ ಮಾತ್ರ ಕಿವಿಗೆ ಏರುತ್ತದೆ. ನಮ್ಮಲ್ಲಿಗೆ ನೆಂಟರು ಬರುವುದು ಅಪರೂಪ.

ಆ ಭಾನುವಾರದ ಮರುದಿನ, ಸೋಮವಾರ ಸಂಜೆ, ಗಿರಣಿಯ ಮೂಲೆಯಲ್ಲಿ ಬೇಕೆಂದೇ ಗೇರು ಇಳಿಸಿ ನಿಧಾನವಾಗಿ ಬಂದೆ. ಬಾಗಿಲು ನೂಕಿದೆ. ಅಲ್ಲಿ ಯಾರೂ ಇರಲಿಲ್ಲ. ಚಿಲಕ ತೆಗೆದಿತ್ತು.

ರಾತ್ರಿ ಊಟಕ್ಕೆ ಕೂತು, ಏನು ಮಾಡಬೇಕೆಂದು ತೋಚದೆ, ಮೊಟ್ಟೆಯ ವ್ಯಾಜ್ಯ ಎಲ್ಲಿಗೆ ಬಂತು ಎಂಬುದನ್ನು ಮೊದಲಿನಿಂದ ಹೇಳಿದೆ. ದನಿ ನನ್ನದೇ ಕಿವಿಗೆ ದೊಡ್ಡದೆನಿಸಿತು. ತಲೆ ಎತ್ತಿದೆ. ಅಕ್ಕ ಹೂಂ ಅಂದಳು. ಈಗೀಗ ಊಟದ ನಡುವೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ತಲೆ ಎತ್ತುತ್ತೇನೆ.